ಆಸ್ಪತ್ರೆಯಿಂದ ಅಜ್ಜ ಮನೆಗೆ ಬಂದರು

ಅಜ್ಜನನ್ನು ಮಂಗಳೂರಿನ ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬಂದಿರಿ. ಗಂಜಿ ಕೊಟ್ಟಿರಿ, ಮಲಗಿಸಿದಿರಿ. "ಅಬ್ಬ, ಮುಗಿಯಿತು" ಅಂದಿರಿ. ಹದಿನೈದು ದಿನ ಆಗಲಿಲ್ಲ, ಅಜ್ಜನಿಗೆ ಮತ್ತೆ ಏದುಸಿರು. ಮತ್ತೆ ಬಾಡಿಗೆ ಕಾರು, ಮತ್ತೆ ಸಾಲ. ಹೀಗೆ ಯಾಕೆ ಆಗುತ್ತದೆ?

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಮನೆಯಲ್ಲಿ ಹೀಗೇ ಆಯಿತು. ಅವರ ಮಾವನಿಗೆ ಹೃದಯದ ತೊಂದರೆ. ಆಸ್ಪತ್ರೆಯವರು ಹೊಸ ಮಾತ್ರೆ ಕೊಟ್ಟರು. ಮನೆಯಲ್ಲಿ ಹಳೆಯ ಮಾತ್ರೆಯೂ ಇತ್ತು. ಅಕ್ಕ ಎರಡನ್ನೂ ಕೊಟ್ಟರು. ಹೆಸರು ಬೇರೆ, ಬಣ್ಣ ಬೇರೆ, ಆದರೆ ಒಳಗಿನ ಮದ್ದು ಒಂದೇ! ಬಿ.ಪಿ. ತೀರಾ ಇಳಿಯಿತು. ಮಾವ ಬಚ್ಚಲಲ್ಲಿ ಬಿದ್ದರು. ಅಕ್ಕನನ್ನು ಬೈದು ಏನು ಪ್ರಯೋಜನ? ಚೀಟಿ ಇದ್ದದ್ದು ಇಂಗ್ಲಿಷಿನಲ್ಲಿ. ಬಿಡಿಸಿ ಹೇಳುವವರು ಯಾರೂ ಇರಲಿಲ್ಲ.

ಬಿಡಿಸಿ ಹೇಳಬೇಕಾದವರು ಊರಿನ ಡಾಕ್ಟರು. ಅಜ್ಜನ ಸಕ್ಕರೆ ಕಾಯಿಲೆ ಎಷ್ಟು ವರ್ಷದ್ದು, ಯಾವ ಮದ್ದು ಮೈಗೆ ಹಿಡಿಯುವುದಿಲ್ಲ, ಇದೆಲ್ಲ ಅವರಿಗೆ ಗೊತ್ತುಂಟು. ಕೇರಳದಲ್ಲಿ 2017ರಲ್ಲಿ 'ಆರ್ದ್ರಂ' ಯೋಜನೆ ಶುರುವಾಯಿತು. ಆಮೇಲೆ ನಮ್ಮ ಕಾಸರಗೋಡಿನಲ್ಲಿಯೂ ಹಲವು ಪ್ರಾಥಮಿಕ ಆರೋಗ್ಯ ಕೇಂದ್ರಗಳು ಕುಟುಂಬ ಆರೋಗ್ಯ ಕೇಂದ್ರಗಳಾದವು. ಹಾಸಿಗೆ ಹಿಡಿದವರನ್ನು ನೋಡಲು ನರ್ಸ್ ಮನೆಗೇ ಬರುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿ. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದ್ದು ನೆನಪಿದೆಯಲ್ಲ? ಹತ್ತಿರದ ಡಾಕ್ಟರ ಬೆಲೆ ಆಗ ಗೊತ್ತಾಯಿತು.

ಮನೆಗೆ ಬಂದ ಒಂದು ವಾರದ ಒಳಗೆ ಅವರ ಹತ್ತಿರ ಹೋಗಿ. ಆಸ್ಪತ್ರೆಯ ಚೀಟಿ ತೆಗೆದುಕೊಳ್ಳಿ. ಮನೆಯಲ್ಲಿರುವ ಎಲ್ಲಾ ಮಾತ್ರೆಗಳನ್ನು ಒಂದು ಚೀಲಕ್ಕೆ ಹಾಕಿ. ಹಳತು, ಹೊಸತು, ಕಷಾಯದ ಬಾಟಲಿ, ಎಲ್ಲವೂ ಬೇಕು. "ಯಾವುದು ಬೇಕು, ಯಾವುದು ಬೇಡ?" ಎಂದು ಕೇಳಿ. ನಾಚಿಕೆ ಬೇಡ. ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ಹೃದಯ ಸೋತವರಿಗೆ ಮೈಯಲ್ಲಿ ನೀರು ತುಂಬುತ್ತದೆ. ಉಪ್ಪು ಹೆಚ್ಚಾದರೆ ನೀರೂ ಹೆಚ್ಚು. ಮಿಡಿ ಉಪ್ಪಿನಕಾಯಿ, ಒಣಮೀನು, ಹಪ್ಪಳ ದೂರ ಇಡಿ. (ಅಜ್ಜ ಸಿಟ್ಟು ಮಾಡುತ್ತಾರೆ, ಅದೂ ಗೊತ್ತು.) ದಿನಾ ಬೆಳಿಗ್ಗೆ ತೂಕ ನೋಡಿ. ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ, ಕಾಲು ಬಾತರೆ, ಅದೇ ದಿನ ಡಾಕ್ಟರಿಗೆ ತೋರಿಸಿ. ಆಗ ಮದ್ದಿನ ಅಳತೆ ಬದಲಿಸಿದರೆ ಸಾಕಾಗಬಹುದು. ಎದೆನೋವು ಬಂದರೆ, ಉಸಿರು ಕಟ್ಟಿದರೆ ಮಾತ್ರ ಕಾಯಬೇಡಿ, 108ಕ್ಕೆ ಫೋನು ಮಾಡಿ.

ಓದಿ, ಬರೆಯಿರಿ:
ನಿಮಗೆ ಈಗ ಕನ್ನಡ ಬರೆಯಲು ಬರುತ್ತದೆ. ಡಾಕ್ಟರನ್ನು ಕೇಳಿ, ಪ್ರತಿ ಮಾತ್ರೆಯ ಲಕೋಟೆಯ ಮೇಲೆ ಬರೆಯಿರಿ: ಯಾತಕ್ಕೆ? ಬೆಳಿಗ್ಗೆಯಾ, ಮಧ್ಯಾಹ್ನವಾ, ರಾತ್ರಿಯಾ? ಊಟದ ಮೊದಲಾ, ನಂತರವಾ? ಬರೆದ ಲಕೋಟೆಯನ್ನು ಮುಂದಿನ ತರಗತಿಗೆ ತನ್ನಿ.