ಗೇರ್ ಬಾಕ್ಸ್ ಬಿಚ್ಚಿಸುವ ಮುನ್ನ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಮಾರುತಿ ಓಮ್ನಿ ಇನ್ನೂ ಎಷ್ಟೋ ಮನೆಗಳಿಗೆ ಆಧಾರವಾಗಿದೆ. ಸಂತೆಗೆ ಕಾಯಿಪಲ್ಲೆ ಒಯ್ಯಲು, ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗಲು, ಅಪರಾತ್ರಿಯಲ್ಲಿ ಗರ್ಭಿಣಿಯನ್ನು ದವಾಖಾನೆಗೆ ಮುಟ್ಟಿಸಲು ಅದೇ ಬೇಕು. 1984ರಲ್ಲಿ ಬಂದ ಈ ಗಾಡಿಯ ತಯಾರಿಕೆ 2019ರಲ್ಲಿ ನಿಂತಿತು. ಆದುದರಿಂದ ಈಗ ಓಡುತ್ತಿರುವವೆಲ್ಲ ಹಳೆಯವೇ.

ಇಂಥ ಗಾಡಿಯ ಗೇರ್ ತೊಂದರೆ ಕೊಟ್ಟ ಕೂಡಲೆ “ಗೇರ್ ಬಾಕ್ಸ್ ಹೋಯಿತು” ಎಂದು ಹೆದರಿ ಸಾಲ ಮಾಡುವವರುಂಟು. ಆದರೆ ದೋಷವು ಬರಿಯ ಒಂದು ಕೇಬಲಿನಲ್ಲಿಯೂ ಇರಬಹುದು. ಅದನ್ನು ಗುರುತಿಸುವ ಬಗೆಯೇ ಈ ಪಾಠ.

ಬಲ ಹರಿಯುವ ದಾರಿ

ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗಿದೆ. ಅದರ ಬಲವು ಕ್ಲಚ್, ಗೇರ್ ಬಾಕ್ಸ್, ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಶಿಯಲ್ ಇವುಗಳನ್ನು ದಾಟಿ ಹಿಂದಿನ ಗಾಲಿಗಳನ್ನು ತಿರುಗಿಸುತ್ತದೆ. ಹೊಲದ ತುದಿಗೆ ನೀರು ಮುಟ್ಟದಿದ್ದರೆ ನಾವು ಬಾವಿಯನ್ನು ತೋಡಿಸಲು ಹೋಗುವುದಿಲ್ಲ. ಕಾಲುವೆ ಎಲ್ಲಿ ಒಡೆದಿದೆಯೆಂದು ಮೊದಲು ನೋಡುತ್ತೇವೆ. ಇಲ್ಲಿಯೂ ಹಾಗೆಯೇ ಮಾಡಬೇಕು.

ಪರೀಕ್ಷೆಯ ಕ್ರಮ

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗಳಿಗೆ ಕಲ್ಲು ಕೊಡಿರಿ. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗತಕ್ಕದ್ದಲ್ಲ.

1. ಎಂಜಿನ್ ಚಾಲೂ ಇದ್ದಾಗ ಗೇರ್ ಬೀಳುವುದಿಲ್ಲ, ಬಂದ್ ಮಾಡಿದರೆ ಎಲ್ಲ ಗೇರುಗಳೂ ಸಲೀಸಾಗಿ ಬೀಳುತ್ತವೆ ಎಂದಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಮೊದಲು ಕ್ಲಚ್ ಕೇಬಲ್ ನೋಡಿಸಿರಿ. ಬಂದ್ ಮಾಡಿದಾಗಲೂ ಬಿಗಿಯಿದ್ದರೆ ಗೇರ್ ಲಿವರಿನ ಜೋಡಣೆಗಳನ್ನು ನೋಡಿಸಿ, ಅನಂತರ ಬಾಕ್ಸಿನ ವಿಚಾರ ಮಾಡಿರಿ.

2. ಸ್ತವನಿಧಿ ಘಾಟು ಏರುವಾಗ ಎಂಜಿನಿನ ಸದ್ದು ಏರಿ ಗಾಡಿ ಮಾತ್ರ ವೇಗ ಹಿಡಿಯದಿದ್ದರೆ, ಸುಟ್ಟ ವಾಸನೆಯೂ ಬಂದರೆ, ಕ್ಲಚ್ ಜಾರುತ್ತಿದೆ. ಪೆಡಲಿನಲ್ಲಿ ಮೊದಲಿಗೆ ಸ್ವಲ್ಪ ಸಡಿಲು ಇರಲೇಬೇಕು. ಅದು ಇಲ್ಲದಿದ್ದರೆ ಕೇಬಲನ್ನು ಸರಿಮಾಡಿಸಿರಿ. ಆಗಲೂ ಜಾರಿದರೆ ಕ್ಲಚ್ ಪ್ಲೇಟ್ ಸವೆದಿರಬಹುದು.

3. ಗೇರನ್ನು ನ್ಯೂಟ್ರಲಿಗೆ ಹಾಕಿ ಎಂಜಿನ್ ಚಾಲೂ ಮಾಡಿರಿ. ಕ್ಲಚ್ ಒತ್ತಿದಾಗ ಸದ್ದು ಹುಟ್ಟಿದರೆ ಕ್ಲಚ್ ಬೇರಿಂಗಿನ ಮೇಲೆ ಸಂಶಯ. ಒತ್ತಿದಾಗ ಸದ್ದು ನಿಂತರೆ ಗೇರ್ ಬಾಕ್ಸಿನೊಳಗಿನ ಬೇರಿಂಗಿನ ಮೇಲೆ ಸಂಶಯ.

4. ಗಾಡಿ ಹೊರಡುವಾಗ “ಟಣ್” ಎಂದು ಬಡಿದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದಿರಬಹುದು. ಎಂಜಿನ್ ಬಂದ್ ಮಾಡಿಸಿ, ಶಾಫ್ಟನ್ನು ಕೈಯಿಂದ ಅಲುಗಾಡಿಸಿ ನೋಡಲು ಮಿಸ್ತ್ರಿಗೆ ಹೇಳಿರಿ. ಹಿಂಬದಿಯಿಂದ ವೇಗದೊಡನೆ ಏರುವ ಗುಂಯ್ ಸದ್ದು ಬಂದರೆ ಡಿಫರೆನ್ಶಿಯಲ್ ಎಣ್ಣೆಯನ್ನೂ ಗಾಲಿಯ ಬೇರಿಂಗುಗಳನ್ನೂ ನೋಡಿಸಿರಿ.

5. ಒಂದೇ ಗೇರ್ ಮತ್ತೆ ಮತ್ತೆ ಜಿಗಿದು ನ್ಯೂಟ್ರಲಿಗೆ ಬರುವುದು, ಕ್ಲಚ್ ಸರಿಯಿದ್ದರೂ ಒಂದೇ ಗೇರ್ ಕರಕರ ಎನ್ನುವುದು ಬಹುಮಟ್ಟಿಗೆ ಬಾಕ್ಸಿನ ಒಳಗಿನ ದೋಷ.

ಎಣ್ಣೆಯ ಸಾಕ್ಷಿ

ಬಾಕ್ಸಿನ ಎಣ್ಣೆಯು ಅದನ್ನು ತುಂಬುವ ರಂಧ್ರದ ಅಂಚಿನವರೆಗೆ ಇರಬೇಕು. ಕಡಿಮೆಯಿದ್ದರೆ ಎಲ್ಲಿ ಸೋರುತ್ತಿದೆಯೆಂದು ಹುಡುಕಿಸಿ, ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿಸಿರಿ. ಇಳಿಸಿದ ಎಣ್ಣೆಯಲ್ಲಿ ಬೆರಳಿಗೆ ಸಿಗುವಂಥ ಕಬ್ಬಿಣದ ಚೂರುಗಳಿದ್ದರೆ ಗಾಡಿ ಓಡಿಸಬಾರದು. ಆಗ ಬಾಕ್ಸ್ ಬಿಚ್ಚಿಸುವುದೇ ಸರಿ.

ಖರ್ಚಿನ ಮಾತು

ಯಾವ ಗೇರಿನಲ್ಲಿ, ಎಷ್ಟು ವೇಗದಲ್ಲಿ, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದಾಗಲೋ ತೊಂದರೆ ಬರುತ್ತದೆಂದು ಬರೆದಿಟ್ಟು ಮಿಸ್ತ್ರಿಗೆ ತೋರಿಸಿರಿ. ಸಾಮಾನು ಮತ್ತು ಮಜೂರಿ ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿರಿ. ತೆಗೆದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ. ಸ್ವಂತ ಬಳಕೆಯ ಗಾಡಿಗೆ 15 ವರ್ಷ ತುಂಬಿದ ಮೇಲೆ ನೋಂದಣಿಯನ್ನು ನವೀಕರಿಸಬೇಕಾಗುತ್ತದೆ. ಆ ದಿನ ಹತ್ತಿರವಿದ್ದರೆ ಗಾಡಿಯ ತಗಡು, ಬ್ರೇಕುಗಳ ಸ್ಥಿತಿಯನ್ನೂ ನೋಡಿ, ದೊಡ್ಡ ಖರ್ಚು ತಕ್ಕದ್ದೇ ಎಂದು ಮನೆಯವರೆಲ್ಲ ಕೂತು ಲೆಕ್ಕ ಹಾಕಿರಿ.

ದೋಷ ತಿಳಿಯದೆ ಸಾಮಾನು ತರುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಅರ್ಧ ಗಂಟೆಯ ಪರೀಕ್ಷೆಯಿಂದ ಒಂದು ಹಂಗಾಮಿನ ಗಳಿಕೆ ಉಳಿದೀತು. ಈ ಪಾಠವನ್ನು ಓದಲು ಬಾರದ ನೆರೆಯವರಿಗೂ ಓದಿ ಹೇಳಿರಿ.