ನೆಲ ಬದಲಾದಂತೆ ಮಾತು ಬೆಳೆಯಲಿ: ಕೋಸ್ಟರಿಕಾದಲ್ಲಿ ಸ್ಪ್ಯಾನಿಷ್ ಕಲಿಯುವವರಿಗೆ ಒಂಬತ್ತು ಸೂತ್ರಗಳು

ಕೋಸ್ಟರಿಕಾ ಚಿಕ್ಕ ದೇಶ. ವಿಸ್ತೀರ್ಣ ಸುಮಾರು 51,100 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಕಾಲು ಭಾಗಕ್ಕಿಂತ ತುಸು ಹೆಚ್ಚು. ಒಂದು ಕಡೆ ಪೆಸಿಫಿಕ್, ಇನ್ನೊಂದು ಕಡೆ ಕೆರಿಬಿಯನ್. ನಡುವೆ ಜ್ವಾಲಾಮುಖಿಗಳ ಸಾಲು, ಮೋಡದ ಕಾಡು, ಬೇಸಿಗೆಯಲ್ಲಿ ಎಲೆ ಉದುರಿಸುವ ಒಣಕಾಡು, ಕಾಫಿ ಕಣಿವೆ. ಸ್ಪ್ಯಾನಿಷ್ ಕಲಿಯಲು ಅಲ್ಲಿಗೆ ಹೋದವರು ಈ ವೈವಿಧ್ಯವನ್ನು ಫೋಟೊ ತೆಗೆಯಲಷ್ಟೇ ಬಳಸಿಕೊಂಡರೆ ಅರ್ಧ ಪ್ರವಾಸ ವ್ಯರ್ಥ. ಒಂದೊಂದು ಸೀಮೆಯ ಹವೆ, ಬೆಳೆ, ಕಸುಬು ಬೇರೆ. ಹಾಗಾಗಿ ಜನ ಆಡುವ ಮಾತಿನ ವಿಷಯವೂ ಬೇರೆ. ಸೀಮೆ ದಾಟಿದಂತೆಲ್ಲ ನಿಮ್ಮ ಪದಗಳ ಗಂಟೂ ದಪ್ಪವಾಗಬೇಕು.

1. ಕಣಿವೆಯಿಂದ ಶುರು ಮಾಡಿ. ರಾಜಧಾನಿ ಸ್ಯಾನ್ ಹೋಸೆ ಇರುವುದು ನಡುನಾಡಿನ ಕಣಿವೆಯಲ್ಲಿ, ಸುಮಾರು 1,150 ಮೀಟರ್ ಎತ್ತರದಲ್ಲಿ. ಸೆಕೆ ಕಾಡುವುದಿಲ್ಲ, ಕೂತು ಓದಬಹುದು. ಭಾಷಾ ಶಾಲೆಗಳು ಇಲ್ಲಿಯೂ ಪಕ್ಕದ ಎರೆದಿಯಾದಲ್ಲಿಯೂ ಸಿಗುತ್ತವೆ. ಹೋಟೆಲ್ ಬಿಟ್ಟು ಯಾರದಾದರೂ ಮನೆಯಲ್ಲಿ ಪೇಯಿಂಗ್ ಗೆಸ್ಟ್ ಆಗಿ ಉಳಿಯಿರಿ. ವ್ಯಾಕರಣದ ತಳಪಾಯ ಇಲ್ಲೇ ಬೀಳಲಿ, ಬೀಚಿನ ಆಸೆ ಆಮೇಲೆ.

2. ಎಲ್ಲರಿಗೂ 'ಉಸ್ತೆದ್' ಅನ್ನಿ. 'ಉಸ್ತೆದ್' ಅಂದರೆ 'ನೀವು'. ಪಠ್ಯಪುಸ್ತಕ ಆಪ್ತರಿಗೆ 'ತು', ಅಂದರೆ 'ನೀನು', ಎನ್ನಲು ಕಲಿಸುತ್ತದೆ. ಕೋಸ್ಟರಿಕಾದಲ್ಲಿ ಅದರ ಬಳಕೆ ಕಡಿಮೆ. ಗೆಳೆಯರ ನಡುವೆ 'ನೀನು' ಎನ್ನಲು 'ವೋಸ್' ಓಡಾಡುತ್ತದೆ, ಉಳಿದಂತೆ ಎಲ್ಲ ಕಡೆ 'ಉಸ್ತೆದ್'. ತಾಯಿ ಮಗುವನ್ನೂ ಗಂಡ ಹೆಂಡತಿಯನ್ನೂ ಹಾಗೆ ಕರೆಯುವುದುಂಟು. ಹೊಸಬರಿಗೆ ಇದು ದೊಡ್ಡ ಅನುಕೂಲ: ಕ್ರಿಯಾಪದದ ಒಂದು ರೂಪ ಗಟ್ಟಿಯಾದರೆ ಅರ್ಧ ದಿನ ಸಾಗುತ್ತದೆ. ಕನ್ನಡಿಗರಿಗೆ ಇನ್ನೊಂದು ಅನುಕೂಲವಿದೆ. ಸ್ಪ್ಯಾನಿಷಿನ ತಕಾರ ನಮ್ಮ 'ತ'ದಂತೆ ಹಲ್ಲಿಗೆ ತಾಗಿ ಹುಟ್ಟುತ್ತದೆ. ಇಂಗ್ಲಿಷ್ ಉಚ್ಚಾರವನ್ನು ನಡುವೆ ತರದೆ ಕನ್ನಡದ ನಾಲಿಗೆಯಲ್ಲೇ ಮಾತಾಡಿ.

3. ಮಳೆಯ ಲೆಕ್ಕ ತಿಳಿದು ಪಯಣಿಸಿ. ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳಿಗೆ ಅಲ್ಲಿ 'ವೆರಾನೊ' ಎಂದೂ ಮೇ ತಿಂಗಳಿಂದ ನವೆಂಬರ್‌ವರೆಗಿನ ಮಳೆಗಾಲಕ್ಕೆ 'ಇನ್ವಿಯೆರ್ನೊ' ಎಂದೂ ಹೆಸರು. ಪಠ್ಯದಲ್ಲಿ ಕಲಿತ ಬೇಸಿಗೆ, ಚಳಿಗಾಲವೆಂಬ ಅರ್ಥ ಹಿಡಿದು ಹೊರಟರೆ ಬಸ್ ನಿಲ್ದಾಣದಲ್ಲೇ ಗೊಂದಲ. ಮಳೆಗಾಲದಲ್ಲೂ ಪೆಸಿಫಿಕ್ ಕಡೆ ಬೆಳಿಗ್ಗೆ ಬಹುತೇಕ ತಿಳಿಯಾಗಿರುತ್ತದೆ, ಮಳೆ ಮಧ್ಯಾಹ್ನ ಹಿಡಿಯುತ್ತದೆ. ಆ ತಿಂಗಳುಗಳಲ್ಲಿ ಬೆಳಿಗ್ಗೆ ತಿರುಗಾಟ, ಮಧ್ಯಾಹ್ನ ಪಾಠ ಇಟ್ಟುಕೊಳ್ಳಿ. ಕೆರಿಬಿಯನ್ ಕರಾವಳಿಯ ಲೆಕ್ಕವೇ ಬೇರೆ. ಉಳಿದ ದೇಶ ನೆನೆಯುವ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಅಲ್ಲಿ ಮಳೆ ಕಡಿಮೆ.

4. ಸಂತೆ ತಪ್ಪಿಸಬೇಡಿ. ವಾರಾಂತ್ಯದಲ್ಲಿ ಊರೂರಲ್ಲೂ ರೈತರ ಸಂತೆ ನಡೆಯುತ್ತದೆ, ಅದಕ್ಕೆ 'ಫೆರಿಯಾ' ಎನ್ನುತ್ತಾರೆ. ಸಂಖ್ಯೆ, ತೂಕ, ಹಣ್ಣಿನ ಹೆಸರು ಒಟ್ಟಿಗೆ ಬಾಯಿಗೆ ಬರುವ ಜಾಗ ಇದಕ್ಕಿಂತ ಬೇರೆ ಇಲ್ಲ. ಊಟಕ್ಕೆ 'ಸೋದಾ' ಎಂಬ ಸಣ್ಣ ಖಾನಾವಳಿಗಳಿಗೆ ಹೋಗಿ. ಬೆಳಿಗ್ಗೆ ಅನ್ನ ಮತ್ತು ಕಪ್ಪು ಬೀನ್ಸ್ ಬೆರೆಸಿದ ಗಾಯೊ ಪಿಂತೊ, ಮಧ್ಯಾಹ್ನ 'ಕಸಾದೊ' ಎಂಬ ಊಟ. 'ಅಗ್ವಾದುಲ್ಸೆ' ಕೇಳಿ ಕುಡಿಯಿರಿ. ಅದು ಬೆಲ್ಲ ಕರಗಿಸಿದ ಬಿಸಿನೀರು. ಬೆಲ್ಲ, ನೀರು ಕೊಟ್ಟು ಅತಿಥಿಯನ್ನು ಬರಮಾಡಿಕೊಳ್ಳುವ ನಾಡಿನವರು ಮಾತು ಶುರು ಮಾಡಲು ಇಷ್ಟು ಸಾಕು.

5. ಕಾಫಿ ತೋಟದಲ್ಲಿ ಪ್ರಶ್ನೆ ಕೇಳಿ. ಸ್ಯಾನ್ ಹೋಸೆಯ ದಕ್ಷಿಣಕ್ಕೆ ಇರುವ ತರ್ರಾಸು ಬೆಟ್ಟಸೀಮೆ ಅರೇಬಿಕಾ ಕಾಫಿಗೆ ಹೆಸರುವಾಸಿ. ವರ್ಷದ ಕೊನೆಯ ಹೊತ್ತಿಗೆ ಕೊಯ್ಲು ಶುರುವಾಗುತ್ತದೆ. ಕೊಯ್ದ ಹಣ್ಣನ್ನು 'ಕಹುವೆಲಾ' ಎಂಬ ಅಳತೆಯ ಬುಟ್ಟಿಯಲ್ಲಿ ಅಳೆದು ಕೂಲಿ ಕೊಡುತ್ತಾರೆ. ಪನಾಮಾ ಗಡಿಯಿಂದ ನ್ಗೋಬೆ ಬುಡಕಟ್ಟಿನ ಕುಟುಂಬಗಳು, ನಿಕರಾಗುವಾದಿಂದ ಕೂಲಿಕಾರರು ಕೊಯ್ಲಿಗೆ ಬರುತ್ತಾರೆ. ಈ ದೇಶ 1989ರಲ್ಲಿ ರೊಬಸ್ಟಾ ಬೆಳೆಯುವುದನ್ನೇ ನಿಷೇಧಿಸಿತ್ತು, 2018ರಲ್ಲಿ ಮತ್ತೆ ಅನುಮತಿ ಕೊಟ್ಟಿತು. ಕೊಡಗು, ಚಿಕ್ಕಮಗಳೂರಿನಿಂದ ಹೋದವರಿಗೆ ಇದೊಂದೇ ವಿಷಯ ಸಾಕು, ತೋಟದ ಮಾಲೀಕರ ಜತೆ ಗಂಟೆಗಟ್ಟಲೆ ಮಾತಾಡಬಹುದು. ನಮ್ಮಲ್ಲಿ ರೊಬಸ್ಟಾವೇ ಹೆಚ್ಚು ಎಂದರೆ ಅವರು ಖಂಡಿತ ಪ್ರಶ್ನೆಗಳ ಮಳೆ ಸುರಿಸುತ್ತಾರೆ. ಉತ್ತರಿಸುವ ತವಕದಲ್ಲಿ ನಾಲಿಗೆ ಸಲೀಸಾಗುತ್ತದೆ.

6. ಮೋಡದ ಕಾಡಿನಲ್ಲಿ ಇಂಗ್ಲಿಷ್‌ಗೆ ಬಾಗಿಲು ಹಾಕಿ. ಮೋಡದ ಕಾಡಿಗೆ ಹೆಸರಾದ ಮೊಂತೆವೆರ್ದೆಯ ಕಥೆ ವಿಶಿಷ್ಟ. ಕೋಸ್ಟರಿಕಾ 1948ರಲ್ಲಿ ಸೇನೆಯನ್ನೇ ರದ್ದು ಮಾಡಿತು. ಅದನ್ನು ಮೆಚ್ಚಿ, ಯುದ್ಧಕ್ಕೆ ಒಲ್ಲೆವೆಂದ ಅಮೆರಿಕದ ಕ್ವೇಕರ್ ಪಂಥದ ಕೆಲವು ಕುಟುಂಬಗಳು ಅಲಬಾಮದಿಂದ ಹೊರಟು 1951ರಲ್ಲಿ ಇಲ್ಲಿ ನೆಲೆಸಿದವು, ಹೈನುಗಾರಿಕೆಗೆ ಇಳಿದು ಚೀಸ್ ಮಾಡಿದವು, ನೀರಿನ ಸೆಲೆ ಉಳಿಯಲೆಂದು ಮೇಲಿನ ಕಾಡನ್ನು ಕಡಿಯದೆ ಬಿಟ್ಟವು. ಮೀಸಲು ಅರಣ್ಯ 1972ರಲ್ಲಿ ಹುಟ್ಟಿತು. ಈ ಹಿನ್ನೆಲೆಯಿಂದಲೂ ಪ್ರವಾಸಿಗರ ದಟ್ಟಣೆಯಿಂದಲೂ ಇಲ್ಲಿ ಇಂಗ್ಲಿಷ್ ಸುಲಭವಾಗಿ ಸಿಗುತ್ತದೆ. ಕಲಿಯುವವರಿಗೆ ಅದೇ ಅಪಾಯ. ಸ್ಪ್ಯಾನಿಷಿನಲ್ಲೇ ವಿವರಿಸುವ ಗೈಡ್ ಬೇಕೆಂದು ಮೊದಲೇ ಹೇಳಿ. ಪಾಚಿ, ಆರ್ಕಿಡ್, ಕೆತ್ಸಾಲ್ ಹಕ್ಕಿಯನ್ನು ಬೆರಳು ಮಾಡಿ ತೋರಿಸುತ್ತಾ ಹೇಳಿದ ಹೆಸರು ಮರೆಯುವುದಿಲ್ಲ. ಇಲ್ಲಷ್ಟೇ ಬದುಕಿದ್ದ ಹೊನ್ನಿನ ಬಣ್ಣದ ನೆಲಗಪ್ಪೆ 1989ರ ನಂತರ ಯಾರ ಕಣ್ಣಿಗೂ ಬೀಳಲಿಲ್ಲ. ಅದರ ಬಗ್ಗೆ ಕೇಳಿ. ಭೂತಕಾಲದ ಕ್ರಿಯಾಪದಗಳನ್ನು ಇಷ್ಟು ಮನಮುಟ್ಟುವಂತೆ ಯಾವ ತರಗತಿಯೂ ಕಲಿಸದು.

7. ಗ್ವಾನಕಾಸ್ತೆಯಲ್ಲಿ ಕಡಲಿನಿಂದ ಒಳನಾಡಿಗೆ ಬನ್ನಿ. ವಾಯವ್ಯದ ಈ ಸೀಮೆ ಹುಲ್ಲುಗಾವಲು, ದನ, ಕುದುರೆಗಳ ನಾಡು. ಒಣ ತಿಂಗಳುಗಳಲ್ಲಿ ಕಾಡೆಲ್ಲ ಬೋಳಾಗಿರುವಾಗ ಕೊರ್ತೆಸಾ ಮರಗಳು ಹಳದಿ ಹೂ ಹೊತ್ತು ನಿಲ್ಲುತ್ತವೆ. ತಮರಿಂದೊದಂತಹ ಬೀಚುಗಳಲ್ಲಿ ವಿದೇಶಿಯರೇ ಹೆಚ್ಚು. ಅಲ್ಲಿ ಕಲಿಕೆ ಸಾಗುವುದಿಲ್ಲ. ಲಿಬೇರಿಯಾ, ನಿಕೋಯಾ, ಸಾಂತಾಕ್ರೂಸ್ ಊರುಗಳಲ್ಲಿ ಉಳಿಯಿರಿ. ಗ್ವಾಯ್ತಿಲ್ ಹಳ್ಳಿಯಲ್ಲಿ ಚೊರೊತೆಗಾ ಪರಂಪರೆಯ ಮಡಕೆ ಮಾಡುವವರ ಪಕ್ಕ ಕೂತು ನೋಡಿ. ನಿಕೋಯಾ ಸೀಮೆ 1824ರಲ್ಲಿ ಕೋಸ್ಟರಿಕಾಕ್ಕೆ ಸೇರಿದ ನೆನಪಿಗೆ ಜುಲೈ 25ರಂದು ಹಬ್ಬ. ಆ ದಿನಕ್ಕೆ ಅಲ್ಲಿರಲು ಸಾಧ್ಯವಾದರೆ ಬಿಡಬೇಡಿ.

8. ಕೆರಿಬಿಯನ್ ಕಡೆ ಕಿವಿ ಅಗಲ ಮಾಡಿ. ಲಿಮೋನ್ ಪ್ರಾಂತ್ಯದಲ್ಲಿ ಸ್ಪ್ಯಾನಿಷ್ ಒಂದೇ ಭಾಷೆಯಲ್ಲ. ರೈಲುಹಳಿ ಹಾಕಲು, ಬಾಳೆತೋಟದಲ್ಲಿ ದುಡಿಯಲು 19ನೇ ಶತಮಾನದ ಕೊನೆಯಲ್ಲಿ ಜಮೈಕಾದಿಂದ ಬಂದವರ ಮೊಮ್ಮಕ್ಕಳು ಮರಿಮಕ್ಕಳು ತಮ್ಮದೇ ಕ್ರಿಯೋಲ್ ಇಂಗ್ಲಿಷ್ ಆಡುತ್ತಾರೆ. ತಲಮಾಂಕಾ ಬೆಟ್ಟಗಳಲ್ಲಿ ಬ್ರಿಬ್ರಿ ಜನರ ಭಾಷೆ ಜೀವಂತ. ಇಲ್ಲಿ ಅನ್ನ, ಬೀನ್ಸ್ ಬೇಯುವುದು ತೆಂಗಿನ ಹಾಲಿನಲ್ಲಿ. ನಮ್ಮ ಕರಾವಳಿಯವರಿಗೆ ಆ ಪರಿಮಳ ಹೊಸದಲ್ಲ. ಉತ್ತರದ ತೊರ್ತುಗೇರೊ ಹಳ್ಳಿಗೆ ರಸ್ತೆಯೇ ಇಲ್ಲ. ಹೆಚ್ಚಿನವರು ಕಾಲುವೆಯಲ್ಲಿ ದೋಣಿ ಹಿಡಿದು ಹೋಗುತ್ತಾರೆ. ಜುಲೈನಿಂದ ಅಕ್ಟೋಬರ್‌ವರೆಗೆ ಹಸಿರು ಕಡಲಾಮೆಗಳು ಮೊಟ್ಟೆಯಿಡಲು ದಡಕ್ಕೆ ಬರುತ್ತವೆ. ರಾತ್ರಿ ಗೈಡ್ ಜತೆಗೇ ಹೋಗಬೇಕು, ಕ್ಯಾಮೆರಾ ಒಯ್ಯುವಂತಿಲ್ಲ. ಈ ನಿಯಮವನ್ನು ದಯವಿಟ್ಟು ಪಾಲಿಸಿ. ಬೆಳಕು ಬಿದ್ದರೆ ಆಮೆ ಮೊಟ್ಟೆಯಿಡದೆ ಕಡಲಿಗೆ ಮರಳಬಹುದು.

9. ದಾರಿ ಕೇಳುವುದನ್ನು ರೂಢಿ ಮಾಡಿಕೊಳ್ಳಿ. ಈ ದೇಶದಲ್ಲಿ ವಿಳಾಸವೆಂದರೆ ಚರ್ಚಿನಿಂದ ಉತ್ತರಕ್ಕೆ ಇನ್ನೂರು ಮೀಟರ್, ಅಲ್ಲಿಂದ ಪೂರ್ವಕ್ಕೆ ಐವತ್ತು. ನೂರು ಮೀಟರ್ ಅಂದರೆ ಟೇಪು ಹಿಡಿದು ಅಳೆದದ್ದಲ್ಲ, ಒಂದು ಅಡ್ಡರಸ್ತೆಯಿಂದ ಇನ್ನೊಂದಕ್ಕೆ ಇರುವ ದೂರ. ಫೋನಿನ ನಕ್ಷೆ ಮುಚ್ಚಿ ಮನುಷ್ಯರನ್ನು ಕೇಳಿ.

ಕೆಲವೇ ವಾರಗಳಲ್ಲಿ ಎಲ್ಲವನ್ನೂ ನೋಡುವ ಹಟ ಬೇಡ. ಬೆಟ್ಟದ ರಸ್ತೆಗಳಲ್ಲಿ ನೂರು ಕಿಲೋಮೀಟರಿಗೆ ಮೂರು ತಾಸು ಹಿಡಿಯುವುದು ಮಾಮೂಲು, ಬಸ್ಸಿನಲ್ಲೇ ರಜೆ ಮುಗಿದೀತು. ಕಣಿವೆ ಒಂದು, ಜತೆಗೆ ಮನಸ್ಸಿಗೆ ಹಿಡಿಸಿದ ಇನ್ನೆರಡು ಸೀಮೆ ಆರಿಸಿಕೊಳ್ಳಿ. ಪ್ರತಿಯೊಂದರಲ್ಲೂ ಒಂದು ವಾರಕ್ಕೆ ಕಡಿಮೆಯಿಲ್ಲದಂತೆ ನಿಲ್ಲಿ.