ಪೇಟಿಯೂ ಉಳಿಯಲಿ, ಹವ್ಯಾಸವೂ ಉಳಿಯಲಿ

ಪ್ರಶ್ನೆ: ನಮ್ಮದು ಕಾಗವಾಡ ತಾಲ್ಲೂಕಿನ ಹಳ್ಳಿ, ಕಬ್ಬಿನ ಒಕ್ಕಲುತನ. ಮಗ ಚಿಕ್ಕೋಡಿಯಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾನೆ. ರಜೆಯಲ್ಲಿ ಕಂಪ್ಯೂಟರ್ ಅಂಗಡಿಯಲ್ಲಿ ದುಡಿದು ಬಿಡಿಭಾಗ ಕೊಂಡ. ನನ್ನ ತವರಿನ ಕಬ್ಬಿಣದ ಟ್ರಂಕಿಗೆ ತೂತು ಕೊರೆದು ಅದರೊಳಗೆ ಕಂಪ್ಯೂಟರ್ ಜೋಡಿಸಿದ. ಚೆನ್ನಾಗಿಯೇ ನಡೆಯುತ್ತದೆ, ಆದರೆ ಒಮ್ಮೊಮ್ಮೆ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಈಗ ತೀರಿಕೊಂಡ ನಮ್ಮ ಮಾವನವರ ಹಾರ್ಮೋನಿಯಂ ಮೇಲೆ ಕಣ್ಣಿಟ್ಟಿದ್ದಾನೆ. ಮಾವ ಶ್ರೀಕೃಷ್ಣ ಪಾರಿಜಾತ ಬಯಲಾಟದ ಮೇಳದಲ್ಲಿ ಪೇಟಿ ಮಾಸ್ತರರಾಗಿದ್ದರು. ಪೇಟಿ ಅಟ್ಟದ ಮೇಲೆ ಸುಮ್ಮನೆ ಬಿದ್ದಿದೆ, ಒಳಗಿನದೆಲ್ಲ ತೆಗೆದು ಕಂಪ್ಯೂಟರ್ ಕೂಡಿಸುತ್ತೇನೆ ಅನ್ನುತ್ತಾನೆ. ಮನೆಯವರು ‘ಓದೋದು ಬಿಟ್ಟು ಹುಚ್ಚು ಹಿಡಿಸಿಕೊಂಡಾನ’ ಎಂದು ಅವನ ಜೊತೆ ಮಾತು ಬಿಟ್ಟಿದ್ದಾರೆ. ನನಗೆ ಕರೆಂಟಿನ ಭಯ, ಬೆಂಕಿಯ ಭಯ. ಏನು ಮಾಡಲಿ?
– ಒಬ್ಬ ತಾಯಿ, ಕಾಗವಾಡ ತಾಲ್ಲೂಕು

ಉತ್ತರ: ಅಕ್ಕಾ, ನಿಮ್ಮ ಚಿಂತೆಗಳಲ್ಲಿ ತಡಮಾಡಬಾರದ್ದು ಒಂದಿದೆ: ಕೈ ಜುಮ್ಮೆನ್ನುವುದು. ಈ ಪುಟ ಓದಿದ ಕೂಡಲೇ ಆ ಟ್ರಂಕಿನ ಪ್ಲಗ್ ಕೀಳಿಸಿ. ಅರ್ಥಿಂಗ್ ಪರೀಕ್ಷೆ ಆಗುವ ತನಕ ಮತ್ತೆ ಹಾಕಬಾರದು.

ಕಾರಣ ಹೇಳುತ್ತೇನೆ. ಮನೆಯ 230 ವೋಲ್ಟ್ ಕರೆಂಟನ್ನು 12, 5 ಮತ್ತು 3.3 ವೋಲ್ಟಿಗೆ ಇಳಿಸುವ ಡಬ್ಬಿಗೆ ಎಸ್‌ಎಂಪಿಎಸ್ ಎನ್ನುತ್ತಾರೆ. ಅದರೊಳಗಿನ ಸಣ್ಣ ಕೆಪಾಸಿಟರ್‌ಗಳಿಂದ ತುಸು ಕರೆಂಟು ಲೋಹದ ಹೊರಮೈಗೆ ಸೋರುತ್ತಲೇ ಇರುತ್ತದೆ. ಪ್ಲಗ್ಗಿನ ಮೂರನೆಯ ಪಿನ್ನಿಗೆ ನಿಜವಾದ ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಟ್ರಂಕಿನ ಮೈಮೇಲೆ ನಿಂತು, ಮುಟ್ಟಿದವರಿಗೆ ಜುಮ್ಮೆನ್ನಿಸುತ್ತದೆ. ಆ ಸೋರಿಕೆ ಚಿಕ್ಕದು. ಅದು ಕೊಡುವ ಸೂಚನೆ ಮಾತ್ರ ದೊಡ್ಡದು. ನಾಳೆ ಯಾವುದಾದರೂ ಕರೆಂಟಿನ ತಂತಿ ಸಡಿಲಾಗಿ ಟ್ರಂಕಿಗೆ ತಗುಲಿದರೆ ಫ್ಯೂಸ್ ಹಾರುವುದಿಲ್ಲ, ಮುಟ್ಟಿದವರ ಮೈಯೇ ದಾರಿಯಾಗುತ್ತದೆ. ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದು ನಂಬಬೇಡಿ. ಸಾಕೆಟ್ಟಿನ ಹಿಂದೆ ಅರ್ಥಿಂಗ್ ತಂತಿಯೇ ಇಲ್ಲದ ಮನೆಗಳು ಎಷ್ಟೋ ಇವೆ. ಎಲೆಕ್ಟ್ರಿಶಿಯನ್ನನ್ನು ಕರೆಸಿ ಅರ್ಥಿಂಗ್ ಗುಂಡಿ ನೋಡಿಸಿ, ಕರೆಂಟು ಸೋರಿದರೆ ತಾನೇ ಕಡಿದುಬಿಡುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಇದು ಟ್ರಂಕಿಗಷ್ಟೇ ಅಲ್ಲ, ನಿಮ್ಮ ಫ್ರಿಜ್ಜಿಗೂ ಗ್ರೈಂಡರಿಗೂ ಬೇಕಾದ ಕಾವಲು. ಎಸ್‌ಎಂಪಿಎಸ್ ಡಬ್ಬಿಯನ್ನು ಮಗ ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಜೀವಕ್ಕೆ ಅಪಾಯವಾಗುವಷ್ಟು ಕರೆಂಟು ಉಳಿದಿರಬಹುದು.

ಇನ್ನು ಬೆಂಕಿ. ಪ್ರೊಸೆಸರ್ 100 ಡಿಗ್ರಿಯ ಆಸುಪಾಸಿಗೆ ಬಂದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಇನ್ನೂ ಏರಿದರೆ ಯಂತ್ರ ಆರಿಹೋಗುತ್ತದೆ. ಮರ ಹೊತ್ತಿಕೊಳ್ಳಲು ಅದಕ್ಕಿಂತ ಬಹಳ ಹೆಚ್ಚು ಶಾಖ ಬೇಕು. ಹೆದರಬೇಕಾದದ್ದು ಸಡಿಲಾದ ಪ್ಲಗ್ಗಿಗೆ, ಸುಲಿದ ತಂತಿಗೆ, ಕಳಪೆ ಎಸ್‌ಎಂಪಿಎಸ್‌ಗೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಬಿಡಿಭಾಗಗಳ ಆಯುಷ್ಯವೂ ಕುಂದುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಕೋಣೆಯ ಗಾಳಿಯೇ ಕಾದಿರುತ್ತದೆ. ಹಾಗಾಗಿ ಮುಂದೆ ಕೆಳಗಡೆ ಗಾಳಿ ಒಳಗೆಳೆಯುವ ಫ್ಯಾನು, ಹಿಂದೆ ಮೇಲ್ಗಡೆ ಹೊರಗೆ ನೂಕುವ ಫ್ಯಾನು ಇರಬೇಕು. ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಯ ಕರಿಬೂದಿ, ನಿಪ್ಪಾಣಿಯ ಕಡೆಯಾದರೆ ತಂಬಾಕಿನ ಧೂಳು ಯಾವ ಸಂದಿಯನ್ನೂ ಬಿಡುವುದಿಲ್ಲ. ಗಾಳಿ ಬರುವ ತೂತಿಗೆ ಸೊಳ್ಳೆ ಪರದೆಯ ಬಟ್ಟೆ ಬಿಗಿದು ಆಗಾಗ ತೊಳೆಯಲಿ. ಹೊರಹೋಗುವ ಗಾಳಿಗಿಂತ ಒಳಬರುವುದು ತುಸು ಹೆಚ್ಚಿದ್ದರೆ ಧೂಳು ಉಳಿದ ಸಂದಿಗಳಿಂದ ನುಗ್ಗದು. ಟ್ರಂಕಿಗೆ ಇನ್ನೊಂದು ತೂತು ಕೊರೆಯುವಾಗ ಮದರ್‌ಬೋರ್ಡ್ ಹೊರಗಿರಬೇಕು. ಕಬ್ಬಿಣದ ಒಂದು ಚೂರು ಸಾಕು, ಬೋರ್ಡ್ ಸುಟ್ಟುಹೋಗಲು. ಬೋರ್ಡನ್ನು ಹಿತ್ತಾಳೆಯ ಪುಟ್ಟ ಕಂಬಗಳ ಮೇಲೆ ಎತ್ತರಿಸಿ ಕೂರಿಸಿದ್ದಾನೆಯೇ ಎಂದೂ ಕೇಳಿ.

ಇದು ಹುಚ್ಚೇ? ನಿಮ್ಮ ಯಜಮಾನರಿಗೆ ಎರಡು ಸಂಗತಿ ಹೇಳಿ. 1976ರಲ್ಲಿ ಆಪಲ್ ಕಂಪನಿಯ ಮೊದಲ ಕಂಪ್ಯೂಟರ್ ಪೆಟ್ಟಿಗೆಯೇ ಇಲ್ಲದೆ, ಬರೀ ಬೋರ್ಡಾಗಿ ಮಾರಾಟವಾಯಿತು. ಕೊಂಡವರಲ್ಲಿ ಹಲವರು ಮರದ ಪೆಟ್ಟಿಗೆ ಮಾಡಿಕೊಂಡರು. 1996ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇಬ್ಬರು ವಿದ್ಯಾರ್ಥಿಗಳು ಮಕ್ಕಳ ಆಟದ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಪೆಟ್ಟಿಗೆ ಕಟ್ಟಿ ಹಾರ್ಡ್ ಡಿಸ್ಕ್‌ಗಳನ್ನು ಅದರಲ್ಲಿ ಜೋಡಿಸಿದ್ದರು. ಅವರ ಆ ಕೆಲಸವೇ ಮುಂದೆ ಗೂಗಲ್ ಆಯಿತು. ಅಷ್ಟು ದೂರವೂ ಹೋಗಬೇಕಿಲ್ಲ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕಡೆ ಕೈಯಿಂದ ಹೊಲಿಯುವ ಚಪ್ಪಲಿ ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಊರೂರಿಗೆ ಹೋಗುತ್ತದೆ. ಅಳೆದು, ಕತ್ತರಿಸಿ, ಕೂಡಿಸಿ, ಸರಿಹೋಗದಿದ್ದರೆ ಬಿಚ್ಚಿ ಮತ್ತೆ ಕೂಡಿಸುವ ಈ ಸೀಮೆಯ ಕಸುಬನ್ನೇ ನಿಮ್ಮ ಮಗ ಬೇರೊಂದು ಸಾಮಾನಿನ ಮೇಲೆ ಕಲಿಯುತ್ತಿದ್ದಾನೆ. ದುಡ್ಡೂ ಪೋಲಾಗಿಲ್ಲ. ಬೋರ್ಡಿನ ತಿರುಪಿನ ತೂತುಗಳಿಗೆ ನಿಗದಿಯಾದ ಅಳತೆ ಇರುವುದರಿಂದ, ಬೇಡವೆನಿಸಿದ ದಿನ ಎಲ್ಲವನ್ನೂ ಅಂಗಡಿಯ ಕೇಸಿಗೆ ಸಾಗಿಸಬಹುದು.

ಆದರೆ ಪೇಟಿಯ ವಿಷಯದಲ್ಲಿ ನಾನು ನಿಮ್ಮ ಕಡೆ. ಚಿಕ್ಕದಾದ ಮಿನಿ-ಐಟಿಎಕ್ಸ್ ಬೋರ್ಡ್ ಕೂಡ 17 ಸೆಂಟಿಮೀಟರ್ ಚೌಕ. ಅದು, ಫ್ಯಾನು, ಎಸ್‌ಎಂಪಿಎಸ್ ಎಲ್ಲ ಹಿಡಿಯಬೇಕಾದರೆ ರೀಡುಗಳ ಹಲಗೆ ಮತ್ತು ತಿದಿಯನ್ನು ಕಿತ್ತುಹಾಕಲೇಬೇಕು. ಹಿಂಬದಿಯಲ್ಲಿ ಸುಮಾರು 16 ಸೆಂಟಿಮೀಟರ್ ಉದ್ದ, ನಾಲ್ಕೂವರೆ ಸೆಂಟಿಮೀಟರ್ ಎತ್ತರದ ಕಿಂಡಿ ಕೊಯ್ಯಬೇಕು. ಆಮೇಲೆ ಅದು ಪೇಟಿಯಾಗಿ ಉಳಿಯುವುದಿಲ್ಲ. ಟ್ರಂಕಿಗೆ ಬಟ್ಟೆ ಇಡುವುದಷ್ಟೇ ಕೆಲಸ. ಪೇಟಿ ನುಡಿಯುವ ವಸ್ತು. ಹಿತ್ತಾಳೆಯ ರೀಡುಗಳು ಸಾಮಾನ್ಯವಾಗಿ ಬಹಳ ಕಾಲ ಬಾಳುತ್ತವೆ. ಕೆಡುವುದು ಹೆಚ್ಚಾಗಿ ತಿದಿ, ಅದನ್ನು ಹೊಸದಾಗಿ ಹಾಕಿಸಬಹುದು. ಕಾಗವಾಡದಿಂದ ಗಡಿ ದಾಟಿದರೆ ಮಿರಜ. ಅಲ್ಲಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿದೆ. ವಾದ್ಯ ಬಲ್ಲವರಿಗೆ ಕೊರತೆಯಿಲ್ಲದ ಆ ಊರಿಗೆ ಅಪ್ಪ, ಮಗ ಇಬ್ಬರನ್ನೂ ಕೂಡಿ ಕಳಿಸಿ; ಪೇಟಿ ಬಿಚ್ಚಿ ಒಳಗೇನಿದೆ ಎಂದು ತೋರಿಸಿಕೊಂಡು ಬರಲಿ. ಯಂತ್ರದ ಮೇಲೆ ಪ್ರೀತಿಯಿರುವ ಹುಡುಗನಿಗೆ ಅಜ್ಜನ ವಾದ್ಯ ಹೇಗೆ ನುಡಿಯುತ್ತಿತ್ತು ಎಂದು ತಿಳಿದರೆ, ಅದನ್ನು ಕೊಯ್ಯುವ ಆಸೆ ಅಲ್ಲಿಯೇ ಇಳಿಯಬಹುದು. ಇನ್ನು ನುಡಿಯುವುದೇ ಇಲ್ಲ ಎಂದು ಬಲ್ಲವರು ಹೇಳಿದರೂ ಮೊಮ್ಮಗನೊಬ್ಬನೇ ತೀರ್ಮಾನಿಸುವಂತಿಲ್ಲ, ನಿಮ್ಮ ಯಜಮಾನರು ಒಪ್ಪಬೇಕು. ಅದು ಅವರ ತಂದೆಯ ಪೇಟಿ. ಅವರ ಸಿಟ್ಟಿನೊಳಗೆ ಆ ನೋವೂ ಇದ್ದೀತು. ಮಗನಿಗೆ ಅದನ್ನು ನೀವೇ ಬಿಡಿಸಿ ಹೇಳಿ.

ಮಗನಿಗೆ ಬೇರೆ ಪೆಟ್ಟಿಗೆ ಹುಡುಕಿಕೊಡಿ. ಗುಜರಿಯಲ್ಲಿ ಸಿಗುವ ಕೆಟ್ಟ ರೇಡಿಯೋದ ಮರದ ಕ್ಯಾಬಿನೆಟ್ ಆಗಬಹುದು, ಬಡಿಗೇರ ಅಣ್ಣನ ಹತ್ತಿರ ಮಾಡಿಸಿದ ಸಾಗವಾನಿಯ ಪೆಟ್ಟಿಗೆಯೂ ಆಗಬಹುದು. ಮೊದಲು ರಟ್ಟಿನಲ್ಲಿ ಮಾದರಿ ಮಾಡಿ, ಖರ್ಚಿನ ಪಟ್ಟಿಯೊಂದಿಗೆ ಅಪ್ಪನ ಮುಂದಿಡಲಿ. ಅಪ್ಪ ಒಪ್ಪಿದ ಮೇಲೆಯೇ ಗರಗಸ ಹಿಡಿಯಲಿ. ಸೆಮಿಸ್ಟರ್ ಪರೀಕ್ಷೆಯ ತಿಂಗಳು ಸಾಮಾನು ಕಟ್ಟಿಡುವ ಕರಾರೂ ಇರಲಿ. ಓದು ಹಿಂದೆ ಬಿದ್ದಿದೆಯೇ ಎಂಬುದನ್ನು ಅವನ ಅಂಕಪಟ್ಟಿ ನೋಡಿ ನಿರ್ಧರಿಸಿ, ಟ್ರಂಕ್ ನೋಡಿ ಬೇಡ. ಮನೆಯ ಅರ್ಥಿಂಗ್ ಸರಿಮಾಡಿಸುವ ಕೆಲಸವನ್ನು ಅವನಿಗೇ ಒಪ್ಪಿಸಿ, ಎಲೆಕ್ಟ್ರಿಶಿಯನ್ ಜೊತೆ ನಿಂತು ಮಾಡಿಸಲಿ. ಮಗನ ಈ ವಿದ್ಯೆ ಇಡೀ ಮನೆಗೆ ಉಪಯೋಗಕ್ಕೆ ಬಂದದ್ದನ್ನು ಕಂಡಮೇಲೆ ಅಪ್ಪ ಮಾತು ಬಿಟ್ಟಿರಲಾರರು.